ಒಂದು ಮಿಲಿಮೀಟರ್ ಚಾಂಫರ್‌ನ ಹಿಂದಿರುವ ಲೆಕ್ಕ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮಂಥ ಸಣ್ಣ ವರ್ಕ್‌ಶಾಪುಗಳಿಗೆ ಬರುವ ಕೆಲಸದಲ್ಲಿ ಹೆಚ್ಚಿನ ಪಾಲು ತೊಗರಿ ಬೇಳೆ ಮಿಲ್ಲುಗಳದ್ದು, ಉಳಿದದ್ದು ವಾಡಿ, ಸೇಡಂ, ಮಳಖೇಡ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಬೇಕಾಗುವ ಬಿಡಿಭಾಗಗಳದ್ದು. ಎಲಿವೇಟರ್‌ನ ಬೇರಿಂಗ್ ಹೌಸಿಂಗ್, ಎಮರಿ ರೋಲರ್‌ನ ಫ್ಲೇಂಜ್, ಗೈಡ್ ಪ್ಲೇಟ್, ಬಗೆಬಗೆಯ ಕವರುಗಳು. ಇವುಗಳ ಡ್ರಾಯಿಂಗಿನಲ್ಲಿ ಬೋರ್‌ನ ಅಳತೆ, ರಂಧ್ರಗಳ ನಡುವಿನ ಅಂತರ, ಮೇಲ್ಮೈಯ ನಯ ಎಲ್ಲವನ್ನೂ ಕಣ್ಣಿಟ್ಟು ಓದುವ ನಾವು, ಮೂಲೆಯಲ್ಲಿ ಬರೆದಿರುವ, ಚೂಪಾದ ಅಂಚನ್ನು ಓರೆಯಾಗಿ ಕತ್ತರಿಸುವ ಚಾಂಫರ್‌ನ ಒಂದು ಸಾಲನ್ನು ಮಾತ್ರ ಸಾಫ್ಟ್‌ವೇರ್ ತಾನಾಗಿ ನೋಡಿಕೊಳ್ಳುತ್ತದೆ ಎಂದು ಬಿಟ್ಟುಬಿಡುತ್ತೇವೆ. ಈ ಬರಹ ಆ ಒಂದು ಸಾಲಿನ ಕುರಿತಾದದ್ದು. ಮಷೀನು ಟೂಲನ್ನು ಓಡಿಸಬೇಕಾದ ದಾರಿಯನ್ನು ಲೆಕ್ಕ ಹಾಕಿಕೊಡುವ ಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ನಾವು ತುಂಬುವ ಚಾಂಫರ್‌ನ ಅಗಲ ಒಂದು ಬೇಡಿಕೆ ಮಾತ್ರ. ಜಾಬಿನ, ಅಂದರೆ ಕತ್ತರಿಸುತ್ತಿರುವ ಬಿಡಿಭಾಗದ ಮೇಲೆ ನಿಜವಾಗಿ ಬರುವ ಅಗಲವನ್ನು ನಿರ್ಧರಿಸುವುದು ಟೂಲಿನ ತುದಿಯ ನಿಜವಾದ ಆಕಾರ, ಆ ತುದಿಯನ್ನು ಅಂಚಿನಿಂದ ಎಷ್ಟು ಕೆಳಗೆ ಇಳಿಸಿದ್ದೇವೆ ಎಂಬುದು ಮತ್ತು ಝಡ್ ಸೊನ್ನೆ, ಅಂದರೆ ಮಷೀನು ಎತ್ತರವನ್ನು ಎಣಿಸಲು ಶುರುಮಾಡುವ ಮಟ್ಟ, ಎಲ್ಲಿದೆ ಎಂಬುದು. ಈ ಮೂರನ್ನೂ ಒಂದು ತ್ರಿಕೋನವಾಗಿ ಕಾಗದದ ಮೇಲೆ ಬರೆದು ನೋಡಿದವರಿಗೆ ಚಾಂಫರ್ ಎಂದೂ ಕೈಕೊಡುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಡ್ರಾಯಿಂಗ್ ಏನು ಹೇಳುತ್ತದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. 1×45 ಡಿಗ್ರಿ ಎಂದು ಬರೆದಿದ್ದರೆ ಅಂಚಿನ ಮೂಲೆಯಿಂದ ಮೇಲ್ಮುಖದ ಮೇಲೆ 1 ಮಿಲಿಮೀಟರ್, ಪಕ್ಕದ ಗೋಡೆಯ ಮೇಲೆ 1 ಮಿಲಿಮೀಟರ್ ಕತ್ತರಿಸಬೇಕು ಎಂದರ್ಥ. ಜಪಾನಿ ಪದ್ಧತಿಯ ಡ್ರಾಯಿಂಗುಗಳಲ್ಲಿ ಇದನ್ನೇ ಸಿ1 ಎಂದು ಬರೆಯುತ್ತಾರೆ. ಈ ಎರಡು ಭುಜಗಳ ನಡುವಿನ ಓರೆ ಮುಖದ ಅಗಲ 1 ಮಿಲಿಮೀಟರ್ ಆಗಿರುವುದಿಲ್ಲ, 1.414 ಮಿಲಿಮೀಟರ್ ಆಗಿರುತ್ತದೆ. ನಮ್ಮಲ್ಲಿಗೆ ಹೊಸದಾಗಿ ಬಂದ ಹುಡುಗರು ಓರೆ ಮುಖದ ಮೇಲೆಯೇ ಸ್ಕೇಲ್ ಇಟ್ಟು ಅಳೆದು, "ಅಣ್ಣಾ, ಸಾಫ್ಟ್‌ವೇರ್‌ದಾಗ ಒಂದ ಎಂಎಂ ಕೊಟ್ಟೀನಿ, ಜಾಬಿನ ಮ್ಯಾಲ ಒಂದು ಪಾಯಿಂಟ್ ನಾಲ್ಕು ಯಾಕ ಬರ್ಲಾಕತ್ತದ?" ಎಂದು ಕೇಳುತ್ತಾರೆ. ಕೇಳುವುದು ಒಳ್ಳೆಯದೇ; ಕೇಳದೆ ಟೂಲಿನ ಆಫ್‌ಸೆಟ್ (ಮಷೀನಿನಲ್ಲಿ ತುಂಬುವ ಟೂಲಿನ ಅಳತೆ) ಬದಲಿಸಿದರೆ ಸರಿಯಾಗಿದ್ದ ಚಾಂಫರ್ 0.7ಕ್ಕೆ ಇಳಿಯುತ್ತದೆ.

ಅಳತೆಯನ್ನೇ ಹೇಳದೆ ಚೂಪಾದ ಅಂಚುಗಳನ್ನೆಲ್ಲ ಮುರಿಯಬೇಕು ಎಂದಷ್ಟೇ ಬರೆದ ಡ್ರಾಯಿಂಗುಗಳೂ ಬರುತ್ತವೆ. ಇಂಥ ಅನಿರ್ದಿಷ್ಟ ಅಂಚುಗಳನ್ನು ಡ್ರಾಯಿಂಗಿನಲ್ಲಿ ಹೇಗೆ ಸೂಚಿಸಬೇಕು ಎಂಬುದಕ್ಕೆ ಐಎಸ್‌ಒ 13715 ಎಂಬ ಮಾನದಂಡವಿದೆ. ಸಣ್ಣ ಗಿರಾಕಿಗಳ ಡ್ರಾಯಿಂಗಿನಲ್ಲಿ ಅದರ ಚಿಹ್ನೆ ಕಾಣುವುದು ಅಪರೂಪ. ಆಗ ನಾನು ಗಿರಾಕಿಯನ್ನು ಕೇಳಿ 0.3 ಅಥವಾ 0.5 ಎಂದು ಡ್ರಾಯಿಂಗಿನ ಮೇಲೆಯೇ ಬರೆಸಿಕೊಳ್ಳುತ್ತೇನೆ. ಸಂಖ್ಯೆ ಇಲ್ಲದಿದ್ದರೆ ಟೂಲು ಓಡುವ ದಾರಿಗೆ, ಅಂದರೆ ಟೂಲ್‌ಪಾತ್‌ಗೆ ಅರ್ಥವಿಲ್ಲ.

ಇಷ್ಟು ಸಣ್ಣ ಅಂಚನ್ನು ಅರ ಹಿಡಿದು ಕೈಯಿಂದಲೇ ಉಜ್ಜಿದರಾಗದೇ ಎಂದು ಕೇಳುವವರಿದ್ದಾರೆ. ಒಂದೇ ಜಾಬಿದ್ದರೆ ಖಂಡಿತ ಆಗುತ್ತದೆ. ಆದರೆ ಚಾಂಫರ್ ಇರುವುದು ಬರೀ ಕೈಗೆ ತಾಗದಿರಲಿ ಎಂದಲ್ಲ. ಶಹಾಬಾದಿನ ಫರಸಿ ಕಲ್ಲಿನ ಮೆಟ್ಟಿಲನ್ನು ಕೂರಿಸುವ ಮೇಸ್ತ್ರಿ ಮುಂದಿನ ಅಂಚನ್ನು ಉಜ್ಜಿ ಮೊಂಡು ಮಾಡದಿದ್ದರೆ ಅದು ಮೊದಲ ಪೆಟ್ಟಿಗೇ ಚಕ್ಕೆ ಏಳುವಂತೆ, ಲೋಹದ ಚೂಪು ಅಂಚೂ ಸಾಗಾಟದಲ್ಲಿ ಮೊದಲು ಪೆಟ್ಟು ತಿನ್ನುತ್ತದೆ; ಪೆಟ್ಟು ಬಿದ್ದಲ್ಲಿ ಲೋಹ ಉಬ್ಬಿ, ಕವರ್ ತನ್ನ ಜಾಗದಲ್ಲಿ ಸಪಾಟಾಗಿ ಕೂರುವುದಿಲ್ಲ. ಬೇರಿಂಗನ್ನು ಹೌಸಿಂಗಿಗೆ ಒತ್ತುವಾಗ ಅದನ್ನು ನೇರವಾಗಿ ಒಳಗೆ ಬಿಟ್ಟುಕೊಳ್ಳುವುದು ಬೋರ್‌ನ ಬಾಯಿಯ ಚಾಂಫರ್. ಅದು ಸುತ್ತಲೂ ಒಂದೇ ಅಗಲ ಇರಬೇಕಾದರೆ ಮಷೀನಿನಲ್ಲೇ, ಉಳಿದ ಅಳತೆಗಳನ್ನು ಹಿಡಿದ ಅದೇ ಸೆಟಪ್‌ನಲ್ಲೇ ಕತ್ತರಿಸಬೇಕು.

ಇನ್ನು ಟೂಲಿನ ವಿಷಯ. ಅಂಗಡಿಯಲ್ಲಿ ಚಾಂಫರ್ ಮಿಲ್ ಕೇಳಿದರೆ ಸಾಮಾನ್ಯವಾಗಿ ಸಿಗುವುದು 90 ಡಿಗ್ರಿಯದು. ಈ 90 ಎಂಬುದು ಶಂಕುವಿನ ಒಟ್ಟು ಕೋನ. ಅಕ್ಷದಿಂದ ಒಂದು ಬದಿಗೆ ಎಣಿಸಿದರೆ 45. ಕೆಲವು ಸಾಫ್ಟ್‌ವೇರ್‌ಗಳ ಟೂಲ್ ಲೈಬ್ರರಿ ಒಟ್ಟು ಕೋನವನ್ನು ಕೇಳುತ್ತದೆ, ಕೆಲವು ಒಂದು ಬದಿಯ ಕೋನವನ್ನು ಕೇಳುತ್ತವೆ. ಖಾನೆಯ ಪಕ್ಕದಲ್ಲಿರುವ ಚಿತ್ರವನ್ನು ನೋಡದೆ ಸಂಖ್ಯೆ ತುಂಬಬಾರದು. 60 ಡಿಗ್ರಿಯ ಟೂಲ್ ಹಿಡಿದರೆ ಎರಡು ಭುಜಗಳು ಸಮನಾಗಿರುವುದಿಲ್ಲ: ಮೇಲ್ಮುಖದ ಮೇಲೆ 1 ಮಿಲಿಮೀಟರ್ ಬಂದಾಗ ಗೋಡೆಯ ಮೇಲೆ 1.73 ಬರುತ್ತದೆ. ಡ್ರಾಯಿಂಗಿನಲ್ಲಿ 30 ಡಿಗ್ರಿಯ ಚಾಂಫರ್ ಇದ್ದಾಗ ಆ 30 ಯಾವ ಮುಖದಿಂದ ಅಳೆದದ್ದು ಎಂಬುದನ್ನು ನೋಡಿದ ಮೇಲೆಯೇ 60ರ ಟೂಲೋ 120ರ ಟೂಲೋ ಎಂದು ತೀರ್ಮಾನಿಸಬೇಕು.

ತುದಿಯ ಆಕಾರ ಇದಕ್ಕಿಂತ ಮುಖ್ಯವಾದದ್ದು. ಚಿತ್ರದಲ್ಲಿ ಸೂಜಿಯಂತೆ ಕಾಣುವ ತುದಿ ನಿಜವಾದ ಟೂಲಿನಲ್ಲಿ ಹಾಗಿರುವುದಿಲ್ಲ. ಮುರಿಯದಿರಲಿ ಎಂದು ತಯಾರಕರೇ ತುದಿಯನ್ನು ಚಪ್ಪಟೆ ಮಾಡಿರುತ್ತಾರೆ, ಬಳಸುತ್ತ ಬಳಸುತ್ತ ಇನ್ನಷ್ಟು ಸವೆಯುತ್ತದೆ. ತುದಿಯಲ್ಲಿ 0.2 ಮಿಲಿಮೀಟರ್ ವ್ಯಾಸದ ಚಪ್ಪಟೆ ಇದೆ ಎಂದುಕೊಳ್ಳೋಣ, ಸಾಫ್ಟ್‌ವೇರ್‌ನಲ್ಲಿ ತುದಿಯ ವ್ಯಾಸ ಸೊನ್ನೆ ಎಂದು ಕೊಟ್ಟಿದ್ದೇವೆ ಎಂದುಕೊಳ್ಳೋಣ. ಟೂಲಿನ ಉದ್ದವನ್ನು ನಾವು ಅಳೆಯುವುದು ಇರುವ ತುದಿಯಿಂದ. ಆದ್ದರಿಂದ ಯಾವ ಎತ್ತರದಲ್ಲಿ ನೋಡಿದರೂ ನಿಜವಾದ ಟೂಲಿನ ತ್ರಿಜ್ಯ ಸಾಫ್ಟ್‌ವೇರ್ ಅಂದುಕೊಂಡಿದ್ದಕ್ಕಿಂತ 0.1 ಹೆಚ್ಚಿರುತ್ತದೆ, ಚಾಂಫರ್‌ನ ಭುಜವೂ ಅಷ್ಟೇ ಹೆಚ್ಚಾಗಿ 1.1 ಬರುತ್ತದೆ. 1 ಮಿಲಿಮೀಟರ್ ಚಾಂಫರ್‌ನಲ್ಲಿ ಇದು ಕಣ್ಣಿಗೆ ಬೀಳದೆ ಹೋಗಬಹುದು. 0.3ರ ಚಾಂಫರ್‌ನಲ್ಲಿ 0.1 ಎಂದರೆ ಮೂರನೆಯ ಒಂದು ಪಾಲು. ಹಾಗಾಗಿ ಹೊಸ ಟೂಲ್ ಬಂದಾಗ ಅದರ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಚಪ್ಪಟೆಯ ವ್ಯಾಸವನ್ನು ಹೋಲ್ಡರ್‌ನ ಚೀಟಿಯ ಮೇಲೆ ಬರೆದು ಅಂಟಿಸುವುದು ನಮ್ಮಲ್ಲಿ ನಿಯಮ.

ಈಗ ತ್ರಿಕೋನಕ್ಕೆ ಬರುತ್ತೇನೆ. 90 ಡಿಗ್ರಿಯ ಟೂಲ್, ತುದಿ ಚೂಪು, ಬೇಕಾದ ಚಾಂಫರ್ 1 ಮಿಲಿಮೀಟರ್. ತುದಿಯನ್ನು ಮೇಲ್ಮುಖದಿಂದ ಸರಿಯಾಗಿ 1 ಮಿಲಿಮೀಟರ್ ಕೆಳಗೆ ಇಳಿಸಿ, ಟೂಲಿನ ಅಕ್ಷವನ್ನು ಗೋಡೆಯ ಗೆರೆಯ ಮೇಲೆಯೇ ಓಡಿಸಿದರೆ ಕಾಗದದ ಮೇಲೆ ಚಾಂಫರ್ ಸಿಗುತ್ತದೆ. ಆದರೆ ಆಗ ಚಾಂಫರ್‌ನ ಕೆಳ ಅಂಚನ್ನು ಕತ್ತರಿಸಬೇಕಾದದ್ದು ಟೂಲಿನ ತುದಿಯ ಬಿಂದು. ಸ್ಪಿಂಡಲ್ ಎಷ್ಟೇ ವೇಗವಾಗಿ ತಿರುಗಲಿ, ಅಕ್ಷದ ಮೇಲಿರುವ ಬಿಂದುವಿನ ಕತ್ತರಿಸುವ ವೇಗ ಸೊನ್ನೆ. ಅದು ಲೋಹವನ್ನು ಕತ್ತರಿಸುವುದಿಲ್ಲ, ಉಜ್ಜುತ್ತದೆ, ತಳ್ಳುತ್ತದೆ. ಬರ್ (ಕತ್ತರಿಸಿದ ಅಂಚಿನಲ್ಲಿ ಏಳುವ ಚೂಪು ಎಳೆ) ತೆಗೆಯಲು ಹೋದವರು ಚಾಂಫರ್‌ನ ಕೆಳಗೆ ಹೊಸ ಬರ್ ಎಬ್ಬಿಸಿ ಬರುತ್ತಾರೆ. ಇದನ್ನು ತಪ್ಪಿಸಲೆಂದೇ ಟಿಪ್ ಆಫ್‌ಸೆಟ್ ಎಂಬ ಖಾನೆ ಇರುವುದು. ತುದಿಯನ್ನು ಚಾಂಫರ್‌ನ ಕೆಳ ಅಂಚಿಗಿಂತ ಇನ್ನೂ ಸ್ವಲ್ಪ ಕೆಳಗೆ ಇಳಿಸಿ, ಅಷ್ಟೇ ದೂರ ಅಕ್ಷವನ್ನು ಗೋಡೆಯಿಂದ ಹೊರಕ್ಕೆ ಸರಿಸಿದರೆ, ಕತ್ತರಿಸುವ ಕೆಲಸ ಶಂಕುವಿನ ಪಕ್ಕಕ್ಕೆ ಬೀಳುತ್ತದೆ.

ಟಿಪ್ ಆಫ್‌ಸೆಟ್ 0.5 ಎಂದು ಕೊಟ್ಟರೆ ತುದಿ 1.5 ಆಳಕ್ಕೆ ಹೋಗುತ್ತದೆ, ಅಕ್ಷ ಗೋಡೆಯಿಂದ 0.5 ಹೊರಗಿರುತ್ತದೆ. ಮೇಲ್ಮುಖದ ಮಟ್ಟದಲ್ಲಿ ಟೂಲಿನ ತ್ರಿಜ್ಯ 1.5, ಅದರಲ್ಲಿ 0.5 ಕಳೆದರೆ ಜಾಬಿನೊಳಗೆ ಹೋದದ್ದು ಸರಿಯಾಗಿ 1 ಮಿಲಿಮೀಟರ್. ಚಪ್ಪಟೆ ತುದಿಯ ಟೂಲಾದರೆ ಅಕ್ಷದ ದೂರಕ್ಕೆ ಚಪ್ಪಟೆಯ ತ್ರಿಜ್ಯವನ್ನು ಕೂಡಿಸಬೇಕು, ಆಳ ಮಾತ್ರ ಅಷ್ಟೇ ಇರುತ್ತದೆ. ಈ ಲೆಕ್ಕದಲ್ಲಿ ಕಷ್ಟವೇನೂ ಇಲ್ಲ, ಆದರೂ ಇದನ್ನು ಒಮ್ಮೆ ಕೈಯಾರೆ ಮಾಡಿದವರು ಸಾಫ್ಟ್‌ವೇರ್‌ನ ಪ್ರತಿಯೊಂದು ಖಾನೆಯನ್ನೂ ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಸ್ಪಿಂಡಲ್ ವೇಗದ ವಿಷಯವೂ ಇದೇ ತ್ರಿಕೋನದೊಳಗಿದೆ. ಟೂಲಿನ ಹೊರ ವ್ಯಾಸ 10 ಮಿಲಿಮೀಟರ್ ಎಂದು ಲೈಬ್ರರಿಯಲ್ಲಿದ್ದರೆ ಸಾಫ್ಟ್‌ವೇರ್ 8000 ಆರ್‌ಪಿಎಂಗೆ ಸುಮಾರು 251 ಮೀಟರ್ ಪ್ರತಿ ನಿಮಿಷ ಎಂದು ತೋರಿಸುತ್ತದೆ. ಆ 10 ಮಿಲಿಮೀಟರ್ ವ್ಯಾಸ ಜಾಬನ್ನು ಮುಟ್ಟುವುದೇ ಇಲ್ಲ. ಮೇಲಿನ ಉದಾಹರಣೆಯಲ್ಲಿ ಮುಟ್ಟುವುದು ಚಾಂಫರ್‌ನ ಮೇಲಂಚಿನಲ್ಲಿ 3 ಮಿಲಿಮೀಟರ್ ವ್ಯಾಸ, ಕೆಳ ಅಂಚಿನಲ್ಲಿ 1 ಮಿಲಿಮೀಟರ್ ವ್ಯಾಸ. ವೇಗ ಕ್ರಮವಾಗಿ 75 ಮೀಟರ್ ಮತ್ತು 25 ಮೀಟರ್. ಟಿಪ್ ಆಫ್‌ಸೆಟ್ಟನ್ನು 1.5ಕ್ಕೆ ಏರಿಸಿದರೆ ಅದೇ ಆರ್‌ಪಿಎಂನಲ್ಲಿ ಮೇಲೆ 126, ಕೆಳಗೆ 75 ಮೀಟರ್ ಸಿಗುತ್ತದೆ, ಓರೆ ಮುಖದ ಹೊಳಪು ಎದ್ದು ಕಾಣುತ್ತದೆ. ಕಾರ್ಬೈಡ್ ಟೂಲಿಗೆ ಸೂಚಿಸಿದ ವೇಗವನ್ನು ಹೊರ ವ್ಯಾಸಕ್ಕೆ ಅನ್ವಯಿಸಿ ಆರ್‌ಪಿಎಂ ಇಳಿಸಿದವರು ಚಾಂಫರ್ ಮಸುಕಾಗಿ ಬಂತೆಂದು ಟೂಲನ್ನು ದೂರುವುದನ್ನು ನಾನು ಕಂಡಿದ್ದೇನೆ. ಸಣ್ಣ ಚಾಂಫರ್‌ಗೆ ನಮ್ಮ ಮಷೀನು ಕೊಡುವ ಪೂರ್ತಿ 8000 ಆರ್‌ಪಿಎಂ ಹಾಕಿದರೂ ಸಾಮಾನ್ಯವಾಗಿ ಉಕ್ಕಿಗೆ ಹೆಚ್ಚಾಗುವುದಿಲ್ಲ.

ಹಾಗಾದರೆ ಟಿಪ್ ಆಫ್‌ಸೆಟ್ ಯಾವಾಗಲೂ ದೊಡ್ಡದೇ ಇರಲಿ ಎನ್ನಬಹುದೇ? ಜಾಬಿನ ಸುತ್ತ ಖಾಲಿ ಇದ್ದರೆ ಎನ್ನಬಹುದು. ಖಾಲಿ ಇರುವುದಿಲ್ಲ ಎಂಬುದೇ ತೊಂದರೆ. ನಾವು ಮಾಡುವ ಒಂದು ಗೈಡ್ ಪ್ಲೇಟನ್ನೇ ತೆಗೆದುಕೊಳ್ಳುತ್ತೇನೆ. ಅದರ ಹೊರ ಅಂಚಿಗೆ 1 ಮಿಲಿಮೀಟರ್ ಚಾಂಫರ್ ಬೇಕು. ಅಂಚಿನಿಂದ 4 ಮಿಲಿಮೀಟರ್ ಒಳಗೆ ಒಂದು ರಿಬ್ (ಪಟ್ಟಿಯಂಥ ಏರು) ಎತ್ತರವಾಗಿ ನಿಂತಿದೆ. ಹೊರಬದಿಯಲ್ಲಿ, ಅಂಚಿನಿಂದ 2 ಮಿಲಿಮೀಟರ್ ಕೆಳಗೆ ಇನ್ನೊಂದು ಮೆಟ್ಟಿಲಿನ ತಳವಿದೆ. 10 ಮಿಲಿಮೀಟರ್ ಟೂಲನ್ನು 0.5ರ ಟಿಪ್ ಆಫ್‌ಸೆಟ್‌ನಲ್ಲಿ ಓಡಿಸಿದರೆ ಅದರ ಪೂರ್ಣ ತ್ರಿಜ್ಯ 5, ಅಕ್ಷ ಹೊರಗಿರುವುದು 0.5, ಅಂದರೆ ಟೂಲು ಅಂಚಿನಿಂದ ಒಳಕ್ಕೆ 4.5 ಚಾಚುತ್ತದೆ ಮತ್ತು ರಿಬ್ಬಿಗೆ ಅರ್ಧ ಮಿಲಿಮೀಟರ್ ತಾಗುತ್ತದೆ. ಟಿಪ್ ಆಫ್‌ಸೆಟ್ಟನ್ನು 1.5 ಮಾಡಿದರೆ ಅಕ್ಷ ಹೊರಕ್ಕೆ ಸರಿದು ಚಾಚು 3.5ಕ್ಕೆ ಇಳಿಯುತ್ತದೆ, ರಿಬ್ ಉಳಿಯುತ್ತದೆ. ಆದರೆ ತುದಿ 2.5 ಆಳಕ್ಕೆ ಹೋಗಿ ಕೆಳಗಿನ ಮೆಟ್ಟಿಲಿನಲ್ಲಿ ಗೀರು ಎಳೆಯುತ್ತದೆ. ತಳ ಉಳಿಯಬೇಕೆಂದರೆ ತುದಿ 1.8ಕ್ಕಿಂತ ಕೆಳಗೆ ಹೋಗಬಾರದು ಎಂದಿಟ್ಟುಕೊಂಡರೆ ಟಿಪ್ ಆಫ್‌ಸೆಟ್ 0.8ಕ್ಕೆ ನಿಲ್ಲುತ್ತದೆ, ಆಗ ಚಾಚು 4.2, ಮತ್ತೆ ರಿಬ್ಬಿಗೆ ತಾಗುತ್ತದೆ. ಹೀಗೆ ಎರಡೂ ಕಡೆಯಿಂದ ಇಕ್ಕಟ್ಟಾದಾಗ ಸಂಖ್ಯೆಗಳೊಂದಿಗೆ ಗುದ್ದಾಡಿ ಪ್ರಯೋಜನವಿಲ್ಲ, ಟೂಲನ್ನೇ ಬದಲಿಸಬೇಕು. 6 ಮಿಲಿಮೀಟರ್ ಟೂಲು 0.8ರ ಆಫ್‌ಸೆಟ್‌ನಲ್ಲಿ ಒಳಕ್ಕೆ ಚಾಚುವುದು 2.2 ಮಾತ್ರ. ಕತ್ತರಿಸುವ ವ್ಯಾಸ ಆಳವನ್ನು ಅವಲಂಬಿಸಿದೆಯೇ ಹೊರತು ಹೊರ ವ್ಯಾಸವನ್ನಲ್ಲವಾದ್ದರಿಂದ ಟೂಲು ಸಣ್ಣದಾದರೂ ವೇಗದಲ್ಲಿ ಏನೂ ನಷ್ಟವಿಲ್ಲ.

ಫ್ಯೂಷನ್ ಎಂಬ ಕ್ಯಾಮ್ ಸಾಫ್ಟ್‌ವೇರ್‌ನ 2ಡಿ ಚಾಂಫರ್‌ನಲ್ಲಿ ಚಾಂಫರ್ ಕ್ಲಿಯರೆನ್ಸ್ ಎಂಬ ಖಾನೆಯೊಂದಿದೆ. ಪಕ್ಕದ ಗೋಡೆಗಳಿಂದ ಟೂಲು ಎಷ್ಟು ದೂರ ಉಳಿಯಬೇಕು ಎಂಬುದನ್ನು ಅಲ್ಲಿ ಹೇಳಬಹುದು. ಒಳ್ಳೆಯ ಸೌಲಭ್ಯವೇ. ಆದರೆ ಜಾಗ ಸಾಲದಿದ್ದಾಗ ಸಾಫ್ಟ್‌ವೇರ್ ಆ ತುಣುಕನ್ನು ಕತ್ತರಿಸದೆ ಬಿಟ್ಟು ಮುಂದೆ ಹೋಗುತ್ತದೆ, ಅಂಚಿನಲ್ಲಿ ಒಂದಷ್ಟು ಉದ್ದ ಚಾಂಫರ್ ಇಲ್ಲದೆ ಉಳಿಯುತ್ತದೆ. ಟೂಲ್‌ಪಾತ್‌ನ ಗೆರೆ ಅಂಚಿನುದ್ದಕ್ಕೂ ಇದೆಯೇ ಎಂದು ಪರದೆಯ ಮೇಲೆ ತಿರುಗಿಸಿ ನೋಡುವುದು ಅದಕ್ಕಾಗಿಯೇ ಅಗತ್ಯ.

ಅಂಚನ್ನು ಆರಿಸುವುದು ಇನ್ನೊಂದು ಎಚ್ಚರದ ಜಾಗ. ಮಾಡೆಲ್‌ನಲ್ಲಿ ಚಾಂಫರ್ ಬಿಡಿಸಿರಬಹುದು, ಬಿಡಿಸದೆ ಅಂಚನ್ನು ಚೂಪಾಗಿಯೇ ಇಟ್ಟಿರಬಹುದು. ಚೂಪಾಗಿದ್ದರೆ ಆ ಅಂಚನ್ನೇ ಆರಿಸಿ ಅಗಲದ ಖಾನೆಯಲ್ಲಿ 1 ಎಂದು ಕೊಡುತ್ತೇವೆ. ಬಿಡಿಸಿದ್ದರೆ ಫ್ಯೂಷನ್‌ನಲ್ಲಿ ಆರಿಸಬೇಕಾದದ್ದು ಚಾಂಫರ್‌ನ ಕೆಳ ಅಂಚು, ಅಂದರೆ ಓರೆ ಮುಖ ಗೋಡೆಯನ್ನು ಸೇರುವ ಗೆರೆ. ಆಗ ಅಗಲದ ಖಾನೆಯಲ್ಲಿ ಹಳೆಯ 1 ಹಾಗೆಯೇ ಉಳಿದಿದ್ದರೆ ಅದು ಬಿಡಿಸಿದ ಚಾಂಫರ್‌ನ ಮೇಲೆ ಹೆಚ್ಚುವರಿಯಾಗಿ ಸೇರಿಕೊಳ್ಳುತ್ತದೆ. ಮಾಸ್ಟರ್‌ಕ್ಯಾಮ್‌ನಲ್ಲಿ ಹಳಬರು ಬಳಸುವುದು ಕಾಂಟೂರ್ ಟೂಲ್‌ಪಾತ್‌ನ ಒಳಗಿರುವ 2ಡಿ ಚಾಂಫರ್ ಬಗೆಯನ್ನು. ಅಲ್ಲಿಯೂ ಅಗಲ ಮತ್ತು ತುದಿಯ ಆಫ್‌ಸೆಟ್ ಎಂಬ ಎರಡೇ ಸಂಖ್ಯೆಗಳು ಕೆಲಸ ನಡೆಸುತ್ತವೆ. ಲೈಸೆನ್ಸ್ ಕೊಳ್ಳಲಾಗದ ಸಣ್ಣ ಶಾಪುಗಳಿಗೆ ಫ್ರೀಕ್ಯಾಡ್ ಇದೆ. ಅದರ ಡಿಬರ್ ಎಂಬ ಆಪರೇಷನ್ ಕೂಡ ಅಗಲ ಮತ್ತು ಹೆಚ್ಚುವರಿ ಆಳ ಎಂಬ ಇದೇ ಎರಡನ್ನು ಕೇಳುತ್ತದೆ. ಹೆಸರು ಬೇರೆ ಬೇರೆ, ತ್ರಿಕೋನ ಒಂದೇ. ಇಲ್ಲಿನ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ನಾನು ಯಾವ ಸಾಫ್ಟ್‌ವೇರ್ ಕಲಿಯಬೇಕು ಎನ್ನುವುದಕ್ಕಿಂತ ಮೊದಲು ಈ ತ್ರಿಕೋನವನ್ನು ಕಲಿಯಿರಿ ಎಂದು ಹೇಳುವುದು ಈ ಕಾರಣಕ್ಕೆ.

ಒಳಮೂಲೆಗಳ ಬಗ್ಗೆ ಒಂದು ಮಾತು. ಪಾಕೆಟ್‌ನ ಒಳಮೂಲೆಯಲ್ಲಿ 3 ಮಿಲಿಮೀಟರ್ ತ್ರಿಜ್ಯವಿದ್ದರೆ ಚಾಂಫರ್ ಟೂಲು ಆ ಮೂಲೆಯನ್ನು ಸುತ್ತಿ ಬರಬಲ್ಲದು, ಅಕ್ಷ ಗೋಡೆಯಿಂದ ಇರುವ ದೂರ ಆ 3ಕ್ಕಿಂತ ಕಡಿಮೆ ಇದ್ದರಾಯಿತು. ಮೂಲೆ ಪೂರ್ತಿ ಚೂಪಾಗಿದ್ದರೆ ಯಾವ ಶಂಕುವೂ ಅಲ್ಲಿ ಸರಿಯಾದ ಚಾಂಫರ್ ಕೊಡಲಾರದು. ಅಂಥ ಮಾಡೆಲ್ ಬಂದಾಗ ವಿನ್ಯಾಸಕಾರರಿಗೆ ಫೋನ್ ಮಾಡುವುದೇ ಸರಿ.

ಕೆಲಸದ ಕ್ರಮದಲ್ಲಿ ನಾನು ಪಾಲಿಸುವುದು ಇಷ್ಟು. ಮೇಲ್ಮುಖದ ಫೇಸಿಂಗ್ (ಸಪಾಟು ಮಾಡುವುದು) ಮತ್ತು ಗೋಡೆಯ ಫಿನಿಶಿಂಗ್ (ಕೊನೆಯ ನಯದ ಕತ್ತರಿಕೆ) ಎರಡೂ ಮುಗಿದ ಮೇಲೆಯೇ ಚಾಂಫರ್. ಮೊದಲೇ ಮಾಡಿದರೆ ಗೋಡೆಯ ಫಿನಿಶಿಂಗ್ ಪಾಸು ಚಾಂಫರ್‌ನ ಕೆಳಗೆ ಹೊಸ ಬರ್ ತರುತ್ತದೆ, ಜೊತೆಗೆ ಚಾಂಫರ್‌ನ ಅಗಲವನ್ನೂ ತಿನ್ನುತ್ತದೆ. ದಿಕ್ಕು ಕ್ಲೈಂಬ್, ಅಂದರೆ ಟೂಲಿನ ಹಲ್ಲು ದಪ್ಪ ಸಿಪ್ಪೆಯಿಂದ ಶುರುಮಾಡಿ ತೆಳುವಾಗಿ ಮುಗಿಸುವ ದಿಕ್ಕು. ಟೂಲು ಜಾಬನ್ನು ಸಣ್ಣ ಕಮಾನಿನಲ್ಲಿ ಸೇರಿ ಕಮಾನಿನಲ್ಲೇ ಹೊರಬರಬೇಕು. ಮುಚ್ಚಿದ ಸುತ್ತಿನಲ್ಲಿ ಆರಂಭದ ಜಾಗವನ್ನು 1 ಅಥವಾ 2 ಮಿಲಿಮೀಟರ್ ದಾಟಿದ ಮೇಲೆಯೇ ಹೊರಬಂದರೆ ಸೇರುವಲ್ಲಿ ಗುರುತು ಉಳಿಯುವುದಿಲ್ಲ. ತೆರೆದ ಅಂಚಾದರೆ ಎರಡೂ ತುದಿಗಳಲ್ಲಿ ಪಥವನ್ನು ನೇರವಾಗಿ ಟೂಲಿನ ತ್ರಿಜ್ಯದಷ್ಟು ಮುಂದಕ್ಕೆ ಎಳೆಯಬೇಕು. 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಚಾಂಫರನ್ನು ಇಎನ್8ನಂಥ ಉಕ್ಕಿನಲ್ಲಿ ಒಂದೇ ಪಾಸಿನಲ್ಲಿ ತೆಗೆಯಲು ಹೋದರೆ ಓರೆ ಮುಖದುದ್ದಕ್ಕೂ ಟೂಲು ಒಮ್ಮೆಲೇ ಕಚ್ಚಿ ನಡುಗುತ್ತದೆ. ಎರಡು ಮೂರು ಪಾಸು ಮಾಡಿ ಕೊನೆಗೆ 0.2 ಉಳಿಸಿಕೊಂಡರೆ ಮುಖ ನಯವಾಗಿ ಬರುತ್ತದೆ.

ರಂಧ್ರಗಳಿಗೆ ಇಷ್ಟೆಲ್ಲ ಬೇಕಿಲ್ಲ. ಎಂ8 ಥ್ರೆಡ್ಡಿಗೆ 6.8ರ ಡ್ರಿಲ್ ಹಾಕುತ್ತೇವೆ. ಬಾಯಿಯ ಚಾಂಫರ್ 8.4 ವ್ಯಾಸ ಇದ್ದರೆ ಥ್ರೆಡ್ ಕೊರೆಯುವ ಟ್ಯಾಪು ನೇರವಾಗಿ ಹಿಡಿಯುತ್ತದೆ, ಮೊದಲ ಎಳೆ ಮೇಲಕ್ಕೆ ಉಬ್ಬುವುದಿಲ್ಲ. 90 ಡಿಗ್ರಿಯ 10 ಮಿಲಿಮೀಟರ್ ಸ್ಪಾಟ್ ಡ್ರಿಲ್ಲನ್ನು 4.2 ಆಳಕ್ಕೆ ಇಳಿಸಿದರೆ 8.4 ವ್ಯಾಸದ ಕುಳಿ ಬೀಳುತ್ತದೆ. ಅದೇ ಕುಳಿ ಡ್ರಿಲ್ಲಿಗೆ ಕೇಂದ್ರವೂ ಆಗುತ್ತದೆ, ಡ್ರಿಲ್ ಹೋದ ಮೇಲೆ ಉಳಿದ ಅಂಚು ಚಾಂಫರೂ ಆಗುತ್ತದೆ. ಸ್ಪಾಟ್ ಡ್ರಿಲ್ಲಿನ ತುದಿಯಲ್ಲಿ 0.4ರ ಚಪ್ಪಟೆ ಇದ್ದರೆ ಆಳ 4.0 ಸಾಕು. ಸ್ಪಾಟ್ ಡ್ರಿಲ್ಲಿನ ಕೋನ 120 ಡಿಗ್ರಿ ಆಗಿದ್ದರೆ ಅದೇ ವ್ಯಾಸಕ್ಕೆ ಆಳ 2.42 ಮಾತ್ರ ಆಗುವುದರಿಂದ, ಪ್ರೋಗ್ರಾಮ್ ಬರೆದವರೂ ಟೂಲ್ ಕಟ್ಟಿದವರೂ ಒಂದೇ ಕೋನವನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಬೇರಿಂಗ್ ಕೂರುವ ದೊಡ್ಡ ಬೋರ್‌ಗೆ ಮಾತ್ರ ಚಾಂಫರ್ ಮಿಲ್ಲಿನಿಂದ ಸುತ್ತು ಹಾಕಿಸುವುದು ಅನಿವಾರ್ಯ.

ಝಡ್‌ನ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದರೂ ಶಾಪ್ ನೆಲದ ಮೇಲೆ ಹೆಚ್ಚು ಸತಾಯಿಸುವುದು ಅದೇ. 90 ಡಿಗ್ರಿಯ ಟೂಲಿನಲ್ಲಿ ಝಡ್‌ನ ತಪ್ಪು ಇದ್ದಷ್ಟೇ ಚಾಂಫರ್‌ಗೆ ಇಳಿಯುತ್ತದೆ: ತುದಿ 0.1 ಹೆಚ್ಚು ಕೆಳಗೆ ಹೋದರೆ ಭುಜ 0.1 ದೊಡ್ಡದಾಗುತ್ತದೆ. ಎಂಡ್ ಮಿಲ್ಲಿನಿಂದ ಗೋಡೆ ಕತ್ತರಿಸುವಾಗ ಝಡ್‌ನ 0.1 ಗೋಡೆಯ ಅಳತೆಯನ್ನು ಕೆಡಿಸುವುದಿಲ್ಲ. ಆ ಅಭ್ಯಾಸದಲ್ಲಿಯೇ ಚಾಂಫರ್ ಟೂಲಿನ ಉದ್ದವನ್ನು ಅವಸರದಲ್ಲಿ ಹಿಡಿದರೆ ಬೆಲೆ ತೆರಬೇಕಾಗುತ್ತದೆ. ಜಾಬು ವೈಸಿನಲ್ಲಿ ಓರೆಯಾಗಿ ಕೂತಿದ್ದರೂ ಹೀಗೆಯೇ. 100 ಮಿಲಿಮೀಟರ್ ಉದ್ದದ ಪ್ಲೇಟಿನ ಒಂದು ತುದಿ ಇನ್ನೊಂದಕ್ಕಿಂತ 0.2 ಕೆಳಗಿದ್ದರೆ ಚಾಂಫರ್ ಒಂದು ಕಡೆ 1.0, ಇನ್ನೊಂದು ಕಡೆ 0.8 ಬರುತ್ತದೆ, ಕಣ್ಣಿಗೇ ಕಾಣುತ್ತದೆ. ಎರಕದ ಹೌಸಿಂಗಿನ ಕಚ್ಚಾ ಮುಖಕ್ಕೆ ಅಥವಾ ಗ್ಯಾಸ್‌ನಿಂದ ಕತ್ತರಿಸಿ ತಂದ ಪ್ಲೇಟಿಗೆ ಝಡ್ ಸೊನ್ನೆ ಹಿಡಿದು ಚಾಂಫರ್ ಓಡಿಸಬಾರದು. ಅದೇ ಸೆಟಪ್‌ನಲ್ಲಿ ಫೇಸ್ ಮಾಡಿದ ಮುಖಕ್ಕೆ ಹಿಡಿಯಬೇಕು.

ಚಪ್ಪಟೆ ತುದಿಯ ಅಂದಾಜು, ಉದ್ದದ ಅಂದಾಜು, ಸವೆತ ಇವೆಲ್ಲ ಸೇರಿ ಉಳಿಯುವ ಸಣ್ಣ ವ್ಯತ್ಯಾಸವನ್ನು ಮೊದಲ ಜಾಬಿನಲ್ಲೇ ಅಳೆದು ತಿದ್ದುವುದು ಸುಲಭ. ಓರೆ ಮುಖವನ್ನು ಅಳೆಯುವ ಬದಲು ಮೇಲೆ ಉಳಿದ ಸಪಾಟು ಭಾಗವನ್ನು ವರ್ನಿಯರ್‌ನಿಂದ ಅಳೆಯಬೇಕು. 60 ಮಿಲಿಮೀಟರ್ ಅಗಲದ ಪ್ಲೇಟಿಗೆ ಎರಡೂ ಕಡೆ 1 ಮಿಲಿಮೀಟರ್ ಚಾಂಫರ್ ಸರಿಯಾಗಿದ್ದರೆ ಸಪಾಟು 58.0 ಇರುತ್ತದೆ. 57.8 ಬಂದರೆ ಚಾಂಫರ್ 1.1 ಆಗಿದೆ ಎಂದರ್ಥ, ಟೂಲಿನ ಉದ್ದದ ವೇರ್ (ಸವೆತದ ತಿದ್ದುಪಡಿ) ಖಾನೆಯಲ್ಲಿ 0.1 ಏರಿಸಿದರೆ ಮುಂದಿನ ಜಾಬು ಸರಿಹೋಗುತ್ತದೆ. ಉಲ್ಟಾ ಬಂದು ಟೂಲನ್ನು ಕೆಳಗಿಳಿಸಬೇಕಾದಾಗ ಮಾತ್ರ, ಮೇಲೆ ಹೇಳಿದ ಗೈಡ್ ಪ್ಲೇಟಿನಂಥ ಜಾಬಿನಲ್ಲಿ, ತಳಕ್ಕೆ ಉಳಿಸಿದ್ದ 0.2ರಲ್ಲಿ ಎಷ್ಟು ಖರ್ಚಾಗುತ್ತಿದೆ ಎಂಬುದನ್ನು ನೋಡಿಕೊಳ್ಳಬೇಕು.

ಕಟ್ಟರ್ ಕಾಂಪೆನ್ಸೇಷನ್, ಅಂದರೆ ಟೂಲಿನ ತ್ರಿಜ್ಯದಷ್ಟು ಪಥವನ್ನು ಪಕ್ಕಕ್ಕೆ ಸರಿಸುವ ಸೌಲಭ್ಯ ಬಳಸಿಯೂ ಇದನ್ನು ತಿದ್ದಬಹುದು, ಅದಕ್ಕೆ ಬೇರೆಯೇ ಎಚ್ಚರ ಬೇಕು. ಪೂರ್ತಿ ಕಾಂಪೆನ್ಸೇಷನ್ನನ್ನು ಮಷೀನಿನ ಕಂಟ್ರೋಲ್‌ಗೆ ಬಿಟ್ಟು ಅದನ್ನು ಶುರುಮಾಡುವ ಜಿ41 ಆದೇಶ ಹಾಕಿದರೆ, ಆಪರೇಟರ್ ರೂಢಿಯಂತೆ, ಸರಿಸಬೇಕಾದ ಅಳತೆ ತುಂಬುವ ಡಿ ಖಾನೆಯಲ್ಲಿ 10 ಮಿಲಿಮೀಟರ್ ಟೂಲಿನ ತ್ರಿಜ್ಯ 5 ಎಂದು ತುಂಬುತ್ತಾನೆ, ಟೂಲು ಅಂಚಿನಿಂದ 5 ಮಿಲಿಮೀಟರ್ ದೂರದಲ್ಲಿ ಗಾಳಿಯನ್ನು ಕತ್ತರಿಸುತ್ತ ಹೋಗುತ್ತದೆ. ಸಾಫ್ಟ್‌ವೇರ್‌ನಲ್ಲಿ ವೇರ್ ಎಂಬ ಆಯ್ಕೆಯನ್ನು ಹಿಡಿದರೆ ಅಕ್ಷದ ದೂರವನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿಕೊಡುತ್ತದೆ, ಡಿ ಸೊನ್ನೆಯಿಂದ ಶುರುವಾಗುತ್ತದೆ, ತಿದ್ದುಪಡಿ ಮಾತ್ರ ಅಲ್ಲಿ ಬೀಳುತ್ತದೆ. ಆ ಖಾನೆ ತ್ರಿಜ್ಯವನ್ನು ಕೇಳುತ್ತದೆಯೋ ವ್ಯಾಸವನ್ನೋ ಎಂಬುದು ಕಂಟ್ರೋಲ್‌ನ ಪ್ಯಾರಾಮೀಟರಿನಲ್ಲಿ ನಿರ್ಧಾರವಾಗಿರುತ್ತದೆ, ಒಂದು ಮಷೀನಿನಲ್ಲಿದ್ದಂತೆ ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ. ನನಗೆ ಉದ್ದದ ವೇರ್‌ನಲ್ಲಿ ತಿದ್ದುವುದೇ ಹೆಚ್ಚು ಇಷ್ಟ. ರಾತ್ರಿ ಪಾಳಿಯ ಹುಡುಗನಿಗೂ ಅದು ಗೊಂದಲವಿಲ್ಲದೆ ಅರ್ಥವಾಗುತ್ತದೆ.

ಸಿಮ್ಯುಲೇಷನ್ ನೋಡಿದ ಮೇಲೂ ಪೋಸ್ಟ್ ಆದ, ಅಂದರೆ ಮಷೀನಿನ ಭಾಷೆಗೆ ಇಳಿದ ಪ್ರೋಗ್ರಾಮನ್ನು ತೆರೆದು ಎರಡು ಸಂಖ್ಯೆಗಳನ್ನು ನಾನು ಕಣ್ಣಾರೆ ಓದುತ್ತೇನೆ. ಕತ್ತರಿಸುವ ಝಡ್ ಅಗಲ ಮತ್ತು ಟಿಪ್ ಆಫ್‌ಸೆಟ್‌ಗಳ ಮೊತ್ತದಷ್ಟು ಇದೆಯೇ, ನೇರವಾದ ಒಂದು ಬದಿಯಲ್ಲಿ ಎಕ್ಸ್ ಅಥವಾ ವೈ ಜಾಬಿನ ಅಳತೆಯಿಂದ ಟಿಪ್ ಆಫ್‌ಸೆಟ್‌ನಷ್ಟೇ, ಚಪ್ಪಟೆ ಇದ್ದರೆ ಅದರ ತ್ರಿಜ್ಯವೂ ಸೇರಿದಷ್ಟೇ, ಹೊರಗಿದೆಯೇ ಎಂಬುದನ್ನು. 60 ಅಗಲದ ಪ್ಲೇಟಿನ ಮಧ್ಯ ಸೊನ್ನೆಯಾಗಿದ್ದರೆ, ಚೂಪು ತುದಿಯ ಟೂಲಿಗೆ, ಝಡ್ -1.5 ಮತ್ತು ವೈ 30.5 ಕಾಣಬೇಕು. ಸಿಮ್ಯುಲೇಷನ್ ನಾವು ಕೊಟ್ಟ ಟೂಲನ್ನೇ ನಂಬಿ ಚಿತ್ರ ತೋರಿಸುತ್ತದೆ. ಈ ಎರಡು ಸಂಖ್ಯೆಗಳಾದರೋ ನಮ್ಮ ಕಾಗದದ ಲೆಕ್ಕಕ್ಕೆ ತಾಳೆಯಾಗಲೇಬೇಕು.

ಈ ವಿಧಾನಕ್ಕೆ ದಕ್ಕದ ಅಂಚುಗಳೂ ಇವೆ. ಉರುಟಾದ ಶಾಫ್ಟಿಗೆ ಅಡ್ಡ ಕೊರೆದ ಗ್ರೀಸ್ ರಂಧ್ರದ ಬಾಯಿ ಒಂದೇ ಸಮತಲದಲ್ಲಿರುವುದಿಲ್ಲ, ಎರಡು ಕಡೆ ಏರಿ ಎರಡು ಕಡೆ ಇಳಿಯುತ್ತದೆ. ಅಲ್ಲಿ 2ಡಿ ಚಾಂಫರ್ ಆರಿಸಿದರೆ ಅಗಲ ಒಂದು ಕಡೆ ದೊಡ್ಡದಾಗಿ, ಇನ್ನೊಂದು ಕಡೆ ಇಲ್ಲವೇ ಇಲ್ಲ ಎಂಬಂತೆ ಬರುತ್ತದೆ. ಅಂಚನ್ನು ಮೂರು ಆಯಾಮದಲ್ಲಿ ಹಿಂಬಾಲಿಸುವ ಟ್ರೇಸ್‌ನಂಥ ಟೂಲ್‌ಪಾತ್‌ಗಳು ಇದ್ದರೂ, ಮೂರು ಅಕ್ಷದ ಮಷೀನಿನಲ್ಲಿ ಟೂಲಿನ ಅಕ್ಷ ಲಂಬವಾಗಿಯೇ ಉಳಿಯುವುದರಿಂದ ಅಲ್ಲಿ ಸಿಗುವುದು ಬರ್ ಇಲ್ಲದ ಅಂಚೇ ಹೊರತು ಅಳತೆಯ ಚಾಂಫರ್ ಅಲ್ಲ. ಗ್ರೀಸ್ ರಂಧ್ರಕ್ಕೆ ಅಷ್ಟು ಸಾಕು. ಜಾಬಿನ ಕೆಳಮುಖದ ಅಂಚುಗಳಿಗೆ ಹಿಮ್ಮುಖವಾಗಿ ಕತ್ತರಿಸುವ ಎರಡು ಕೋನದ ಚಾಂಫರ್ ಕಟ್ಟರ್ ಬರುತ್ತದೆ. ಜಾಬನ್ನು ತಿರುಗಿಸಿ ಮತ್ತೆ ಸೆಟ್ ಮಾಡುವ ಕೆಲಸ ಅದರಿಂದ ಉಳಿಯುತ್ತದೆ. ಕತ್ತಿನ ವ್ಯಾಸ ಮತ್ತು ಕತ್ತರಿಸುವ ವ್ಯಾಸದ ನಡುವಿನ ಅಂತರದಲ್ಲಿ ಅರ್ಧದಷ್ಟೇ ಅದು ಅಂಚಿನ ಅಡಿಗೆ ಚಾಚಬಲ್ಲದು ಎಂಬುದನ್ನು ನೋಡಿಕೊಂಡು ಕೊಳ್ಳಬೇಕು. ನಮ್ಮಲ್ಲಿ ಅದನ್ನು ಹೆಚ್ಚು ಸಂಖ್ಯೆಯ ಕವರುಗಳಿಗೆ ಮಾತ್ರ ಹೊರತೆಗೆಯುತ್ತೇವೆ, ಉಳಿದವನ್ನು ಎರಡನೆಯ ಸೆಟಪ್‌ನಲ್ಲಿ ಮೇಲಿನಂತೆಯೇ ಫೇಸ್ ಮಾಡಿದ ಮುಖಕ್ಕೆ ಝಡ್ ಹಿಡಿದು ಮುಗಿಸುತ್ತೇವೆ.